ಮಕ್ಕಳ ಕಣ್ಣಲ್ಲಿ ನೋಡುವ ಅಭ್ಯಾಸ: ಮನೆ ಬಾಗಿಲಲ್ಲೇ ಮಾಡುವ ಒಂದು ತಿಂಗಳ ಮಾರ್ಗದರ್ಶಿ

"ಮೂರು ದಿನ ಕೂತು ನೋಡಿದೆ ಕಣ್ರೀ, ಏನೂ ಅನ್ನಿಸಲೇ ಇಲ್ಲ." ಸುತ್ತಲಿನ ಸಣ್ಣಪುಟ್ಟದ್ದನ್ನು ಮತ್ತೆ ಮಕ್ಕಳ ಹಾಗೆ ಬೆರಗಿನಿಂದ ನೋಡೋಣ ಅಂತ ಹೊರಟ ಸ್ನೇಹಿತರು, ನೆಂಟರು, ಪಕ್ಕದ ಮನೆಯವರು ಎಲ್ಲರಿಂದಲೂ ಈ ಮಾತು ಕೇಳಿದ್ದೇನೆ. ಚಿಕ್ಕವರಿದ್ದಾಗ ಇರುವೆ ಸಾಲಿನ ಮುಂದೆ ಇಡೀ ಮಧ್ಯಾಹ್ನ ಕಳೆದವರೇ ಇವರೆಲ್ಲ. ಈಗ ಹತ್ತು ನಿಮಿಷಕ್ಕೆ ಆಕಳಿಕೆ.

ಎಡವುವ ಜಾಗ ಮಾತ್ರ ಎಲ್ಲರದ್ದೂ ಒಂದೇ. ಮೊದಲು ಫೋಟೋ ತೆಗೆಯುತ್ತಾರೆ. ಆಮೇಲೆ ಅದರ ಹೆಸರು ಹುಡುಕುತ್ತಾರೆ. ಆಮೇಲೆ ಅದು ಯಾಕೆ ಹಾಗೆ ಅಂತ ಓದುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆ ಬೆರಗು ಬರಲಿ ಅಂತ ಕಾಯುತ್ತಾರೆ. ಉತ್ತರ ಕೈಗೆ ಬಂದಾಗಿದೆ, ಇನ್ನು ಬೆರಗಿಗೆ ಅಲ್ಲೇನು ಕೆಲಸ? ಮಕ್ಕಳು ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ನೋಡುತ್ತಾರೆ, ಮುಟ್ಟುತ್ತಾರೆ, ಏನೋ ಒಂದು ಊಹೆ ಮಾಡುತ್ತಾರೆ. ಹೆಸರು, ಕಾರಣ ಎಲ್ಲ ಕೊನೆಗೆ, ಅದೂ ಬೇಕಾದರೆ. ಕೆಳಗಿನ ಹಂತಗಳೆಲ್ಲ ಆ ಕ್ರಮವನ್ನು ಮತ್ತೆ ಕೂಡಿಸಲು. ಒಂದೂ ಹಿಂದೆಮುಂದೆ ಮಾಡಬೇಡಿ.

ಬೇಕಾಗುವ ಸಾಮಾನು

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್. ನೋಟ್‌ಬುಕ್ ತೀರಾ ಚಂದದ್ದು ಬೇಡ. ಚಂದದ ಪುಸ್ತಕದಲ್ಲಿ ಚಂದದ ವಾಕ್ಯ ಬರೆಯೋಣ ಅನ್ನಿಸುತ್ತೆ, ಕೆಲಸ ಕೆಡುತ್ತೆ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಮಸೂರ, ಅಕ್ಕಸಾಲಿಗರು ಕಣ್ಣಿಗೆ ಹಿಡಿದುಕೊಳ್ತಾರಲ್ಲ, ಅಂಥದ್ದು. ಅದನ್ನು ವಸ್ತುವಿನ ಹತ್ತಿರ ಹಿಡಿದು ಬಗ್ಗಿ ನೋಡುವವರೇ ಜಾಸ್ತಿ, ಹಾಗಾಗಿ ಎಲ್ಲ ಮಸುಕು. ಮಸೂರ ಕಣ್ಣಿಗೆ ಅಂಟಿಕೊಂಡಿರಬೇಕು. ವಸ್ತುವನ್ನು ಮೆಲ್ಲಗೆ ಹತ್ತಿರ ತನ್ನಿ, ಸುಮಾರು ಒಂದು ಅಂಗುಲದ ದೂರದಲ್ಲಿ ಸ್ಪಷ್ಟವಾಗುತ್ತೆ.

ಮುಳ್ಳಿನ ಗಡಿಯಾರ ಒಂದಿರಲಿ. ಟೈಮ್ ನೋಡೋಕೆ ಅಂತ ಫೋನ್ ತೆಗೆದರೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಇವುಗಳ ಜೊತೆ ಒಂದು ಗಿಡ್ಡ ಮಣೆ.

ದುರ್ಬೀನು ಬೇಡ. ನಾನು ಶುರು ಮಾಡಿದ್ದೇ ದುರ್ಬೀನು ಕೊಳ್ಳುವುದರಿಂದ. ನಾಲ್ಕು ಸಾವಿರ ಕೊಟ್ಟು ತಂದೆ. ಈಗ ಬೀರುವಿನಲ್ಲಿ ಹಳೇ ಪಂಚಾಂಗಗಳ ಪಕ್ಕ ಮಲಗಿದೆ.

ಹಂತ 1: ಒಂದೇ ಜಾಗ, ಒಂದೇ ಹೊತ್ತು

ಮನೆಯಿಂದ ಮೂವತ್ತು ಹೆಜ್ಜೆಯೊಳಗೆ ಒಂದು ಜಾಗ ಆರಿಸಿ. ಕಾಂಪೌಂಡ್ ಗೋಡೆಯ ಮೂಲೆ, ಬಾಲ್ಕನಿಯ ಕುಂಡ, ಬಟ್ಟೆ ಒಗೆಯುವ ಕಲ್ಲಿನ ಹಿಂಭಾಗ, ಯಾವುದಾದರೂ ಸರಿ. ದಿನಾ ಅದೇ ಹೊತ್ತಿಗೆ ಹದಿನೈದು ನಿಮಿಷ.

ಮೊದಲ ವಾರ ಜೋಗಕ್ಕೋ ಕೊಡಗಿಗೋ ಹೋಗಬೇಡಿ. ಅಲ್ಲಿ ಯಾರಿಗಾದರೂ ಬೆರಗಾಗುತ್ತೆ, ಅದರಲ್ಲಿ ನಿಮ್ಮ ಅಭ್ಯಾಸ ಏನೂ ಇಲ್ಲ. ವಾಪಸ್ ಬಂದ ಸೋಮವಾರ ಅದೇ ಗೋಡೆ ಇನ್ನಷ್ಟು ಸಪ್ಪೆ ಕಾಣುತ್ತೆ.

ಜಾಗ ಬದಲಾಯಿಸೋಣ ಅಂತ ಎರಡನೇ ದಿನವೇ ಅನ್ನಿಸುತ್ತೆ. "ಈ ಗೋಡೆಯಲ್ಲಿ ಏನಿದೆ, ಪಾರ್ಕಿಗೆ ಹೋದ್ರೆ ಚೆನ್ನಾಗಿರ್ತಿತ್ತು." ಬದಲಾಯಿಸಬೇಡಿ. ನಿನ್ನೆ ಹೇಗಿತ್ತು ಅಂತ ಗೊತ್ತಿದ್ದರೆ ತಾನೇ ಇವತ್ತು ಬದಲಾಗಿದ್ದು ಕಣ್ಣಿಗೆ ಬೀಳೋದು? ಪಾರ್ಕಿನಲ್ಲಿ ಎಲ್ಲವೂ ಹೊಸದು, ಹಾಗಾಗಿ ಯಾವುದೂ ಕಾಣೋದಿಲ್ಲ.

ಹಂತ 2: ಕೆಳಗೆ ಕೂರಿ

ಮೂರು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರಡಿಗಿಂತ ಕೆಳಗೇ ಇರುತ್ತೆ. ನಮ್ಮದು ಐದಡಿ ಮೇಲೆ. ಕುಕ್ಕರುಗಾಲಲ್ಲಿ ಕೂತರೆ ಅಥವಾ ಮಣೆ ಹಾಕಿಕೊಂಡರೆ ಅದೇ ಜಾಗ ಬೇರೆಯಾಗಿ ಕಾಣುತ್ತೆ. ಮಂಡಿ ನೋವಿದ್ದರೆ ಒಂದು ಕುಂಡವನ್ನು ಟೇಬಲ್ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ತಂದುಕೊಳ್ಳಿ.

ಕೂರುವ ಮುಂಚೆ ಎಚ್ಚರ. ಕಲ್ಲು ಸಂದಿ, ಬಿಲ, ತರಗೆಲೆ ರಾಶಿಗೆ ಕೈ ಹಾಕಬೇಡಿ, ಚೇಳೋ ಹಾವೋ ಇರಬಹುದು. ಕಂಬಳಿಹುಳ ಮುಟ್ಟಬೇಡಿ. ಎಲೆಗಳನ್ನು ಸೇರಿಸಿ ಚಿಗಳಿ, ಅಂದರೆ ಕಚ್ಚುವ ಕೆಂಪಿರುವೆ, ಗೂಡು ಕಟ್ಟಿರುವ ಮರದ ಕೆಳಗೆ ಮಣೆ ಹಾಕಬೇಡಿ. ಆ ಪಾಠ ನನಗೆ ಒಂದೇ ದಿನದಲ್ಲಿ ಆಯ್ತು. ಸೂರ್ಯನನ್ನು ಬರಿಗಣ್ಣಿಂದಾಗಲಿ ಮಸೂರದಿಂದಾಗಲಿ ಯಾವತ್ತೂ ನೋಡಬೇಡಿ.

ಹಂತ 3: ಹೆಸರು ಬಿಟ್ಟು ಬರೆಯಿರಿ

ಕೂತ ಮೇಲೆ ಕಂಡ ಐದು ಸಂಗತಿ ಬರೆಯಿರಿ. ನಿಯಮ ಒಂದೇ: ಹೆಸರು ಬಳಸುವಂತಿಲ್ಲ. "ಇರುವೆ" ಅಂತ ಬರೆದರೆ ಒಂದು ಸೆಕೆಂಡಿಗೆ ಮುಗೀತು. "ಕಪ್ಪು, ಎಳ್ಳಿಗಿಂತ ಸಣ್ಣ, ಎದುರಿಗೆ ಬಂದವರಿಗೆಲ್ಲ ಒಂದು ಕ್ಷಣ ಮುಖ ತಾಗಿಸಿ ಮುಂದೆ ಹೋಗುತ್ತೆ" ಅಂತ ಬರೆಯಬೇಕಾದರೆ ನೋಡಲೇಬೇಕು.

ಈ ಹಂತದಲ್ಲಿ ಮೊದಲ ನಾಲ್ಕೈದು ದಿನ ಬೇಜಾರಾಗೋದು ಸಹಜ. ಹದಿನೈದರಲ್ಲಿ ಆರನೇ ನಿಮಿಷದಿಂದ ಹತ್ತನೇ ನಿಮಿಷದವರೆಗೆ ಕಷ್ಟ. ನೋಡಿದ್ದೆಲ್ಲ ನೋಡಿ ಆಯ್ತು, ಇನ್ನೇನಿಲ್ಲ ಅನ್ನಿಸುತ್ತೆ. ಹೆಚ್ಚಿನವರು ಎದ್ದು ಹೋಗೋದು ಇಲ್ಲೇ. ನನ್ನ ಅನುಭವದಲ್ಲಿ ಪುಸ್ತಕದ ಒಳ್ಳೊಳ್ಳೆಯ ಸಾಲುಗಳೆಲ್ಲ ಹತ್ತನೇ ನಿಮಿಷದ ಆಚೆಗೆ ಬಂದಂಥವು.

ಮಣ್ಣಿನ ಅಂಗಳ ಇರುವವರು ಗೋಡೆ ಬುಡದ ಒಣ ಮಣ್ಣು ನೋಡಿ. ಆಲಿಕೆಯ ಹಾಗೆ ಸಣ್ಣ ಸಣ್ಣ ಗುಳಿಗಳಿರಬಹುದು. ಚಿಕ್ಕವರಿದ್ದಾಗ ಅದರೊಳಗೆ ಇರುವೆ ಬಿಟ್ಟು ಆಟ ಆಡಿರುತ್ತೀರಿ. ಈ ಸಲ ಏನನ್ನೂ ಬಿಡದೆ, ಗುಳಿ ತೋಡುವವನು ಮಣ್ಣನ್ನು ಹೇಗೆ ಎಸೆಯುತ್ತಾನೆ, ಯಾವ ಕಡೆಗೆ ನಡೆಯುತ್ತಾನೆ ಅಂತ ನೋಡಿ. ಹಿಂದಕ್ಕೆ ನಡೆಯುತ್ತಾನೆ! ಹೆಸರು ಊರಿಗೊಂದು ಇದೆ, ನಿಮ್ಮೂರಿನದು ನೆನಪಾದರೂ ಇವತ್ತು ಬರೆಯಬೇಡಿ.

*ಎಚ್ಚರಿಕೆಯ ಗುರುತು:* "ಓ, ಇದು ಗೊತ್ತು" ಅಂತ ಮನಸ್ಸಿನಲ್ಲಿ ಬಂದರೆ ಒಂದು ಗೆರೆ ಎಳೆದುಕೊಳ್ಳಿ. ದಿನಕ್ಕೆ ಎಷ್ಟು ಗೆರೆ ಅಂತ ಲೆಕ್ಕ ಹಾಕಿ. ಎರಡನೇ ವಾರಕ್ಕೆ ಅದು ಇಳಿಯದೇ ಇದ್ದರೆ ನೀವಿನ್ನೂ ಹೆಸರುಗಳನ್ನೇ ನೋಡುತ್ತಿದ್ದೀರಿ.

ಹಂತ 4: ಸಣ್ಣ ಪ್ರಶ್ನೆ ಕೇಳಿ

ಎರಡನೇ ವಾರದಿಂದ ದಿನಕ್ಕೊಂದು ಪ್ರಶ್ನೆ. "ಯಾಕೆ" ಅನ್ನುವ ಪ್ರಶ್ನೆ ಸದ್ಯಕ್ಕೆ ಬೇಡ. ಮಕ್ಕಳು ಯಾಕೆ ಯಾಕೆ ಅಂತಾರೆ ನಿಜ, ಆದರೆ ಅವರಿಗೆ ಫೋನಿನಲ್ಲಿ ಉತ್ತರ ಸಿಗೋದಿಲ್ಲ. ನಮಗೆ ಸಿಗುತ್ತೆ, ಅಲ್ಲಿಗೆ ಪ್ರಶ್ನೆ ಸತ್ತು ಹೋಗುತ್ತೆ.

ಬದಲಿಗೆ ಕಣ್ಣು ಕೈಯಿಂದಲೇ ಉತ್ತರ ತೆಗೆಯಬಹುದಾದ ಪ್ರಶ್ನೆ ಕೇಳಿ. ಎಷ್ಟು? ಎಷ್ಟು ಹೊತ್ತು? ಎಲ್ಲಿಗೆ? ಹೀಗೆ ಮಾಡಿದರೆ? ಮುಟ್ಟಿದರೆ ಮುನಿ ಮತ್ತೆ ಅರಳೋಕೆ ಎಷ್ಟು ನಿಮಿಷ ಬೇಕು? ಎರಡನೇ ಸಲ ಮುಟ್ಟಿದರೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತಾ? ಸಂಜೆಮಲ್ಲಿಗೆ ಮೋಡದ ದಿನವೂ ಅದೇ ಹೊತ್ತಿಗೆ ಅರಳುತ್ತಾ?

ಇರುವೆ ಸಾಲು ಸಿಕ್ಕರೆ ಒದ್ದೆ ಬೆರಳಿನಿಂದ ಸಾಲಿಗೆ ಅಡ್ಡಲಾಗಿ ಒಂದು ಗೀರು ಎಳೆಯಿರಿ. ಗೀರಿನ ಎರಡೂ ಕಡೆ ಗುಂಪು ಸೇರುತ್ತೆ. ಕೆಲವು ವಾಪಸ್ ಓಡುತ್ತವೆ, ಕೆಲವು ಮೀಸೆ ಆಡಿಸುತ್ತ ಅಂಚಿನಲ್ಲೇ ಓಡಾಡುತ್ತವೆ. ಕಡೆಗೆ ಒಂದು ದಾಟುತ್ತೆ. ಎಷ್ಟು ನಿಮಿಷ ಆಯ್ತು? ಮೊದಲು ದಾಟಿದ್ದು ಯಾವ ಕಡೆಯದು, ಗೂಡಿಂದ ಹೊರಟದ್ದಾ, ಗೂಡಿಗೆ ಹೋಗುತ್ತಿದ್ದದ್ದಾ? ನೆಲಕ್ಕೆ ವಾಸನೆಯ ಗುರುತು ಹಾಕಿಕೊಂಡು ನಡೆಯುವ ಪ್ರಾಣಿ ಅದು, ನೀವು ಒರೆಸಿದ್ದು ಆ ಗುರುತನ್ನೇ. ಇಷ್ಟು ಮಾತ್ರ ಮೊದಲೇ ಹೇಳಿಬಿಟ್ಟೆ, ಉಳಿದದ್ದನ್ನು ನೀವೇ ನೋಡಿ.

ಹಂತ 5: ಮೊದಲು ಊಹೆ, ಆಮೇಲೆ ಪರೀಕ್ಷೆ

ಇಡೀ ಅಭ್ಯಾಸದಲ್ಲಿ ಜನ ಜಾಸ್ತಿ ಹಾರಿಸುವ ಹಂತ ಇದು. ನನಗೆ ಕೇಳಿದರೆ ಇದೊಂದನ್ನು ಮಾಡಿ ಉಳಿದದ್ದು ಬಿಟ್ಟರೂ ನಡೆಯುತ್ತೆ. ಪರೀಕ್ಷೆಗೆ ಮುಂಚೆ ಏನಾಗುತ್ತೆ ಅಂತ ಬರೆದಿಡಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಆಮೇಲೆ "ನನಗೆ ಮೊದಲೇ ಗೊತ್ತಿತ್ತು" ಅಂತ ನಮಗೆ ನಾವೇ ಸುಳ್ಳು ಹೇಳಿಕೊಳ್ಳುತ್ತೇವೆ. ಬರೆದ ಊಹೆ ತಪ್ಪಾದಾಗ ಒಳಗೆ "ಅರೆ!" ಅಂತ ಒಂದು ಸದ್ದಾಗುತ್ತಲ್ಲ, ನೀವು ಹುಡುಕುತ್ತಿದ್ದದ್ದು ಅದನ್ನೇ.

ಅಡುಗೆಮನೆಯಲ್ಲೇ ಮಾಡಿ ನೋಡಿ. ಕಬ್ಬಿಣದ ದೋಸೆ ಹಂಚು ಬೇಕು. ನಾನ್‌ಸ್ಟಿಕ್ ಬೇಡ, ಖಾಲಿ ನಾನ್‌ಸ್ಟಿಕ್ ಅನ್ನು ಜೋರಾಗಿ ಕಾಯಿಸಬಾರದು. ಹಂಚಿಗೆ ಎಣ್ಣೆ ಹಚ್ಚಬೇಡಿ, ಮುಖ ದೂರ ಇಟ್ಟುಕೊಳ್ಳಿ.

1. ಪುಸ್ತಕದಲ್ಲಿ ಬರೆಯಿರಿ: ಹಂಚು ಬಿಸಿಯಾದಷ್ಟೂ ಒಂದು ಹನಿ ನೀರು ಆವಿಯಾಗೋಕೆ ಹಿಡಿಯುವ ಹೊತ್ತು ಕಡಿಮೆಯಾಗುತ್ತಾ, ಜಾಸ್ತಿಯಾಗುತ್ತಾ?
2. ಒಲೆ ಹಚ್ಚಿ. ಅರ್ಧ ನಿಮಿಷಕ್ಕೊಂದು ಸಲ ಬೆರಳ ತುದಿಯಿಂದ ಒಂದೇ ಹನಿ ಬೀಳಿಸಿ, ಅದು ಇಲ್ಲವಾಗುವವರೆಗೆ ಎಣಿಸಿ.
3. ಮೊದಮೊದಲು ಹನಿ ಹರಡಿಕೊಂಡು ನಿಧಾನಕ್ಕೆ ಕುದಿಯುತ್ತೆ. ಆಮೇಲೆ ಚುಂಯ್ ಅಂದು ಒಂದೆರಡು ಎಣಿಕೆಯಲ್ಲಿ ಮಾಯ.
4. ಇನ್ನೂ ಕಾಯಿಸಿ.

ಒಂದು ಹೊತ್ತಿಗೆ ಹನಿ ಹರಡುವುದೇ ಇಲ್ಲ. ಮಣಿಯ ಹಾಗೆ ದುಂಡಗಾಗಿ, ಸದ್ದಿಲ್ಲದೆ, ಹಂಚಿನ ತುಂಬ ಜಾರಾಡುತ್ತೆ. ಹತ್ತು, ಇಪ್ಪತ್ತು, ಎಣಿಸುತ್ತಲೇ ಇರುತ್ತೀರಿ, ಅದು ಇನ್ನೂ ಇರುತ್ತೆ. ಹಂಚು ಜಾಸ್ತಿ ಬಿಸಿ, ಹನಿಗೆ ಜಾಸ್ತಿ ಆಯಸ್ಸು! ನಾನು ಇದನ್ನು ಮೊದಲ ಸಲ ಎಣಿಸಿ ನೋಡಿದ ದಿನ ಹಿಟ್ಟು ಪಕ್ಕದಲ್ಲೇ ಉಳಿದು, ಬೆಳಗಿನ ದೋಸೆ ಒಂಬತ್ತೂವರೆಗೆ ಆಯ್ತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಚುಂಯ್ ಅಂದ್ರೆ ಹಿಟ್ಟು ಹುಯ್ಯೋದು, ಕುಣಿದ್ರೆ ಉರಿ ಸಣ್ಣ ಮಾಡೋದು. ಅಷ್ಟೂ ಗೊತ್ತಿಲ್ವಾ ನಿಂಗೆ?" ಅಂದರು. ನಲವತ್ತು ವರ್ಷ ದಿನಾ ಬೆಳಿಗ್ಗೆ ಆ ಹನಿ ಅವರ ಕೈಯಿಂದ ಬಿದ್ದಿದೆ, ನಾನು ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದೆ.

ಕಾರಣ? ಇವತ್ತು ಹೇಳಲ್ಲ. ಹಂತ 6ರಲ್ಲಿದೆ.

ಬಿಸಿಲಿನ ದಿನಕ್ಕೆ ಇನ್ನೊಂದು. ಹೊಂಗೆ ಮರದ ನೆರಳಲ್ಲಿ ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳನ್ನು ನೋಡಿ. ಎಲೆಗಳ ನಡುವಿನ ಸಂದಿ ಯಾವ್ಯಾವುದೋ ಆಕಾರದಲ್ಲಿದ್ದರೂ ಚುಕ್ಕೆಗಳು ದುಂಡಗಿರುತ್ತವೆ. ಈಗ ಒಂದು ರಟ್ಟಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ತ್ರಿಕೋನದ ತೂತು ಮಾಡಿ. ಬಿಸಿಲಿಗೆ ಹಿಡಿದಾಗ ನೆಲದ ಮೇಲೆ ಯಾವ ಆಕಾರ ಬೀಳುತ್ತೆ ಅಂತ ಊಹಿಸಿ ಬರೆಯಿರಿ. ಮೊದಲು ನೆಲಕ್ಕೆ ನಾಲ್ಕು ಬೆರಳಿನಷ್ಟು ಹತ್ತಿರ ಹಿಡಿಯಿರಿ, ಆಮೇಲೆ ನಿಂತುಕೊಂಡು ತಲೆಯ ಮೇಲೆ ಎತ್ತಿ ಹಿಡಿಯಿರಿ.

ಹಂತ 6: ಉತ್ತರ ಒಂದು ರಾತ್ರಿ ಕಾಯಲಿ

ಕಾರಣ ಓದುವುದು ತಪ್ಪಲ್ಲ. "ತಿಳಿದರೆ ಮಜಾ ಹೋಗುತ್ತೆ" ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಆದರೆ ನಿಮ್ಮದೇ ಒಂದು ಕಾರಣ ಬರೆದು, ಒಂದು ರಾತ್ರಿ ಕಳೆದ ಮೇಲೆ ಓದಿ. ತಪ್ಪು ಕಾರಣವೂ ನಡೆಯುತ್ತೆ.

ಹಂಚಿನ ಹನಿಯದ್ದು ಹೀಗೆ: ಹಂಚು ತುಂಬಾ ಕಾದಾಗ ಹನಿಯ ತಳ ಮುಟ್ಟುವ ಮುಂಚೆಯೇ ಆವಿಯಾಗಿ ಕೆಳಗೆ ತೆಳುವಾದ ಹಾಸಿಗೆಯಾಗುತ್ತೆ. ಹನಿ ಅದರ ಮೇಲೆ ತೇಲುತ್ತೆ. ಆವಿಯ ಮೂಲಕ ಬಿಸಿ ನಿಧಾನವಾಗಿ ದಾಟುವುದರಿಂದ ಹನಿ ಬಹಳ ಹೊತ್ತು ಉಳಿಯುತ್ತೆ. ಲೈಡನ್‌ಫ್ರಾಸ್ಟ್ ಅನ್ನುವ ಜರ್ಮನ್ ವೈದ್ಯರು 1756ರಲ್ಲಿ ಇದರ ಬಗ್ಗೆ ಬರೆದರು, ಈಗಲೂ ಇದಕ್ಕೆ ಅವರದೇ ಹೆಸರು.

ಮರದ ಕೆಳಗಿನ ದುಂಡು ಚುಕ್ಕೆಗಳು ಒಂದೊಂದೂ ಸೂರ್ಯನ ಬಿಂಬ. ಸಣ್ಣ ಸಂದಿ ದೂರದಲ್ಲಿದ್ದಾಗ ಅದರ ಆಕಾರ ಲೆಕ್ಕಕ್ಕೆ ಬರೋದಿಲ್ಲ, ಸೂರ್ಯನ ಆಕಾರ ಬೀಳುತ್ತೆ. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಬೆಂಗಳೂರಿನ ಮರಗಳ ಕೆಳಗೆ ಈ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಅವತ್ತು ಎಷ್ಟೋ ಜನ ಮನೆಯೊಳಗೇ ಇದ್ದರು.

ಉತ್ತರ ಓದಿದ ಮೇಲೆ ಕಡ್ಡಾಯವಾಗಿ ಇನ್ನೊಂದು ಪ್ರಶ್ನೆ ಬರೆಯಿರಿ. ಹನಿಗೆ ಉಪ್ಪು ಬೆರೆಸಿದರೆ? ಬಿಸಿ ನೀರಾದರೆ? ಹೊಸ ಪ್ರಶ್ನೆ ಹುಟ್ಟದಿದ್ದರೆ ನೀವು ಉತ್ತರವನ್ನು ಓದಿದ್ದೀರಿ, ನಿಮ್ಮ ಹನಿಗೆ ಹೊಂದಿಸಿ ನೋಡಿಲ್ಲ.

ಹಂತ 7: ತಿಂಗಳಿಡೀ ಒಂದನ್ನೇ ಹಿಡಿಯಿರಿ

ಇಲ್ಲಿವರೆಗಿನದು ದಿನದ ಕೆಲಸ. ಜೊತೆಗೆ ತಿಂಗಳ ಕೆಲಸ ಒಂದು ಬೇಕು, ಅದಕ್ಕೆ ಚಂದ್ರನೇ ಸರಿ. ಊರು ಯಾವುದಾದರೂ ಸಿಗುತ್ತಾನೆ, ಖರ್ಚಿಲ್ಲ.

ಹುಣ್ಣಿಮೆಯಿಂದ ಶುರು ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಇದ್ದೇ ಇರುತ್ತೆ. ಸೂರ್ಯ ಮುಳುಗುವ ಹೊತ್ತಿಗೆ ಮಾಳಿಗೆ ಹತ್ತಿ, ಎದುರು ಮನೆಯ ಟ್ಯಾಂಕೋ ತೆಂಗಿನ ಮರವೋ ಒಂದನ್ನು ಗುರುತು ಮಾಡಿ, ಚಂದ್ರ ಅದನ್ನು ದಾಟುವ ಸಮಯ ಬರೆಯಿರಿ. ಮರುದಿನದ ಸಮಯ ಊಹಿಸಿ ಬರೆದು ಆಮೇಲೆ ಹತ್ತಿ.

ನಾನು ಅದೇ ಸಮಯ ಅಂತ ಬರೆದಿದ್ದೆ. ಚಂದ್ರ ಇಲ್ಲ. ಮೋಡ ಇರಬೇಕು ಅಂದುಕೊಂಡೆ. ಮೂರನೇ ದಿನ ಒಂದು ಗಂಟೆ ನಿಂತೆ. ಪಕ್ಕದ ಮಾಳಿಗೆಯಿಂದ "ಏನ್ ಸಾರ್, ಟ್ಯಾಂಕ್ ತುಂಬೋದನ್ನ ಕಾಯ್ತಿದ್ದೀರಾ?" ಅಂತ ಕೇಳಿದರು. ಚಂದ್ರ ದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ. ಅಷ್ಟು ವಯಸ್ಸಾಗಿ ಅದನ್ನು ಗಮನಿಸಿರಲಿಲ್ಲ ಅನ್ನೋದು ನನಗೆ ಚಂದ್ರನಿಗಿಂತ ದೊಡ್ಡ ಆಶ್ಚರ್ಯ.

ವಾರ ಕಳೆದರೆ ಸಂಜೆ ಚಂದ್ರ ಸಿಗೋದಿಲ್ಲ. ಅಭ್ಯಾಸ ಬಿಟ್ಟುಹೋಗುವ ಜಾಗ ಇದು. ಬೆಳಿಗ್ಗೆ ಎಂಟಕ್ಕೆ ಪಶ್ಚಿಮದ ಕಡೆ ತಲೆ ಎತ್ತಿ ನೋಡಿ, ಬಿಳಿ ಅರ್ಧ ಚಂದ್ರ ಹಗಲಲ್ಲೇ ಇರುತ್ತಾನೆ. ಅಮಾವಾಸ್ಯೆ ಕಳೆದು ಎರಡನೇ ಸಂಜೆ ಪಶ್ಚಿಮದಲ್ಲಿ ಉಗುರಿನಷ್ಟು ತೆಳ್ಳಗೆ ಮತ್ತೆ ಹಾಜರ್. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ.

ಜೊತೆಗೊಂದು ಕಡ್ಲೆಕಾಳು ಇಟ್ಟುಕೊಳ್ಳಿ. ಹುಟ್ಟುವಾಗ ಚಂದ್ರ ತಟ್ಟೆಯಷ್ಟು ಕಾಣುತ್ತಾನೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಕಾಳನ್ನು ಅಡ್ಡ ಹಿಡಿಯಿರಿ. ಮುಚ್ಚಿಹೋಗುತ್ತಾನೆ. ನೆತ್ತಿಗೆ ಬಂದ ಮೇಲೆ ಸಣ್ಣಗೆ ಕಾಣುವಾಗ ಮತ್ತೆ ಹಿಡಿಯಿರಿ. ಅದೇ ಕಾಳು, ಅಷ್ಟೇ ಅಳತೆ. ಕಣ್ಣಿಗೆ ಯಾಕೆ ದೊಡ್ಡದಾಗಿ ಕಾಣುತ್ತೆ ಅನ್ನೋದಕ್ಕೆ ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತ ಇಲ್ಲ.

ಬೆಂಗಳೂರಿನವರು ಏಪ್ರಿಲ್ 24, ಆಗಸ್ಟ್ 18ರ ಆಸುಪಾಸಿನ ದಿನಗಳನ್ನೂ ಗುರುತು ಹಾಕಿಕೊಳ್ಳಿ. ಮಧ್ಯಾಹ್ನ ಹನ್ನೆರಡೂ ಕಾಲರ ನಂತರದ ಹತ್ತು ನಿಮಿಷದೊಳಗೆ, ನೆಟ್ಟಗೆ ನಿಲ್ಲಿಸಿದ ಡಬ್ಬಿಗೆ ಸುತ್ತ ನೆರಳೇ ಬೀಳದ ಹೊತ್ತೊಂದು ಬರುತ್ತೆ. ಹುಬ್ಬಳ್ಳಿ ಕಡೆ ಇದು ಮೇ ಮೊದಲ ವಾರ. ದೆಹಲಿಯಲ್ಲಿರುವವರಿಗೆ ಇದು ಯಾವತ್ತೂ ಸಿಗೋದಿಲ್ಲ. ಯಾಕೆ ಅಂತ ಒಂದು ರಾತ್ರಿ ಯೋಚಿಸಿ.

ಮಕ್ಕಳ ಜೊತೆ ಮಾಡುವಾಗ

ಮಗುವನ್ನು ಕರೆದುಕೊಂಡು ಕೂತರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎರಡೇ ನಿಮಿಷದಲ್ಲಿ ಪಾಠ ಶುರು. "ನೋಡು ಪುಟ್ಟಾ, ಇದಕ್ಕೆ ಎಷ್ಟು ಕಾಲು? ಆರು. ಆರು ಕಾಲಿದ್ರೆ ಏನಂತಾರೆ?" ಮಗು ಎದ್ದು ಹೋಗುತ್ತೆ. ಅದಕ್ಕೆ ಶಾಲೆ ಬೇರೆ ಇದೆ.

ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿರಿ. ಅದು ಏನನ್ನು ನೋಡುತ್ತೆ ಅಂತ ನೋಡಿ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ "ಏನಿರಬಹುದು, ನೀನೇ ಹೇಳು" ಅನ್ನಿ. ನಾಟಕದ ಬೆರಗು ಬೇಡ, "ವಾವ್! ಎಷ್ಟು ಚೆನ್ನಾಗಿದೆ ಅಲ್ವಾ!" ಅಂತ ಕೂಗಬೇಡಿ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತೆ.

ಕೆಲಸ ಹಳಿ ತಪ್ಪಿದ ಗುರುತುಗಳು

ಬರೆದದ್ದನ್ನು ಸ್ಟೇಟಸ್‌ಗೆ ಹಾಕೋಣ ಅನ್ನಿಸುತ್ತಿದೆಯಾ? ತಿಂಗಳು ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ. ತೋರಿಸಲು ಶುರು ಮಾಡಿದ ಮೇಲೆ ತೋರಿಸುವಂಥದ್ದನ್ನೇ ಹುಡುಕುತ್ತೇವೆ.

ಪ್ರತಿ ದಿನ ಬೆರಗಾಗಬೇಕು ಅಂತ ಕಾಯುತ್ತಿದ್ದೀರಾ? ಹದಿನೈದು ದಿನದಲ್ಲಿ ಎರಡು ಸಲ "ಅರೆ!" ಅಂದರೆ ಬೇಕಾದಷ್ಟಾಯ್ತು. ಉಳಿದ ದಿನ ಬರೀ ಎಣಿಕೆ, ಸಮಯ, ಸಣ್ಣ ಚಿತ್ರ.

ಇನ್ನೊಂದು ಗುರುತು ಬೇರೆ ಥರದ್ದು. ಎರಡು ವಾರಕ್ಕೂ ಮೇಲ್ಪಟ್ಟು ಯಾವುದರಲ್ಲೂ ಖುಷಿ ಇಲ್ಲ, ಊಟ ಸೇರುತ್ತಿಲ್ಲ, ನಿದ್ದೆ ಕೆಟ್ಟಿದೆ, ಪ್ರೀತಿಯ ಕೆಲಸವೂ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಈ ಅಭ್ಯಾಸ ಮದ್ದಲ್ಲ. ಅದು ಖಿನ್ನತೆ ಇರಬಹುದು. ವೈದ್ಯರನ್ನು ನೋಡಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಡುವೆ ದಿನ ತಪ್ಪುತ್ತೆ. ಮದುವೆ, ಜ್ವರ, ಆಫೀಸು, ಏನೋ ಒಂದು. ತಪ್ಪಿದ್ದನ್ನು ಸೇರಿಸಿ ಭಾನುವಾರ ಒಂದೂವರೆ ಗಂಟೆ ಕೂರಲು ಹೋಗಬೇಡಿ, ಸೋಮವಾರ ಖಂಡಿತ ಬಿಟ್ಟುಬಿಡುತ್ತೀರಿ. ತಪ್ಪಿದ ದಿನದ ತಾರೀಖು ಹಾಕಿ, ಪುಟ ಖಾಲಿ ಬಿಟ್ಟು, ಮುಂದಿನ ಪುಟಕ್ಕೆ ಹೋಗಿ. ನನ್ನ ಪುಸ್ತಕದಲ್ಲಿ ಅಂಥ ಹನ್ನೊಂದು ಪುಟ ಇವೆ. ಒಂದರ ಮೇಲೆ ಯಾವುದೋ ಹುಳ ಕೂತು ಎದ್ದು ಹೋದ ಹಳದಿ ಕಲೆ ಇದೆ. ಹುಳ ಯಾವುದು ಅಂತ ಇನ್ನೂ ಹುಡುಕುತ್ತಿದ್ದೇನೆ.